ಒಂದು ಕುರ್ಚಿ, ಒಬ್ಬ ನಟಿ, ಒಂದು ತಿಂಗಳ ಬಾಡಿಗೆ: ‘ಫ್ಲೀಬ್ಯಾಗ್’ ಎಡಿನ್‌ಬರೊಗೆ ಹೋದ ಬಗೆ

ಹೊಸ ನಾಟಕವೊಂದನ್ನು ಕಟ್ಟಿ ಊರಾಚೆಯ ಉತ್ಸವಕ್ಕೆ ಒಯ್ಯಬೇಕೆಂದು ಹೊರಟ ಯಾವ ಹವ್ಯಾಸಿ ತಂಡವನ್ನೇ ಕೇಳಿ, ತಾಲೀಮಿನ ಕಷ್ಟವನ್ನು ಅವರು ಎರಡು ಮಾತಿನಲ್ಲಿ ಮುಗಿಸುತ್ತಾರೆ. ತಾಲೀಮು ಹೇಗೋ ನಡೆಯುತ್ತದೆ. ಯಾರದೋ ಮನೆಯ ಮಹಡಿ, ಸಂಜೆ ಖಾಲಿಯಾಗುವ ಶಾಲೆಯ ಕೋಣೆ, ಒಂದು ಫ್ಲಾಸ್ಕ್ ಚಹಾ ಇದ್ದರೆ ಸಾಕು. ಊರು ಬಿಟ್ಟ ಗಳಿಗೆಯಿಂದ ಮಾತ್ರ ಎಲ್ಲಕ್ಕೂ ದುಡ್ಡು ಬೇಕು. ನಮ್ಮ ರಂಗವಲಯದಲ್ಲಿ ಈ ಚರ್ಚೆ ಎದ್ದಾಗಲೆಲ್ಲ ಅದು ಅನುದಾನ ಬಂತೋ ಇಲ್ಲವೋ ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ. ದುಡ್ಡು ಎತ್ತುವುದೂ ಒಂದು ಕಸುಬು, ಅದಕ್ಕೂ ತಾಲೀಮು ಬೇಕು, ಅದರ ಅರ್ಧ ಕೆಲಸ ನಾಟಕ ಬರೆಯುವಾಗಲೇ ಮುಗಿದಿರುತ್ತದೆ ಎಂಬ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಆ ಮಾತಿಗೆ ಪುರಾವೆಯಾಗಿ ನಾನು ಇಟ್ಟುಕೊಂಡಿರುವ ಪ್ರಕರಣ ಸ್ಕಾಟ್ಲೆಂಡಿನದು.

2013ರ ಆಗಸ್ಟ್ ತಿಂಗಳಲ್ಲಿ ಎಡಿನ್‌ಬರೊ ಫ್ರಿಂಜ್ ಉತ್ಸವದಲ್ಲಿ ‘ಫ್ಲೀಬ್ಯಾಗ್’ ಎಂಬ ಏಕವ್ಯಕ್ತಿ ನಾಟಕ ಮೊದಲ ಬಾರಿಗೆ ಪೂರ್ಣ ರೂಪದಲ್ಲಿ ರಂಗಕ್ಕೆ ಬಂತು. ಬರೆದು ಅಭಿನಯಿಸಿದವರು ಫೀಬಿ ವಾಲರ್-ಬ್ರಿಜ್. ನಿರ್ದೇಶಕಿ ವಿಕಿ ಜೋನ್ಸ್. ಇವರಿಬ್ಬರೂ ಸೇರಿ ಕಟ್ಟಿದ್ದ ‘ಡ್ರೈರೈಟ್’ ಎಂಬ ಪುಟ್ಟ ತಂಡದ ನಿರ್ಮಾಣ ಅದು. ನಿರ್ಮಾಪಕಿಯಾಗಿ ಹಣದ ಹೊಣೆ ಹೊತ್ತವರು ಫ್ರಾಂಚೆಸ್ಕಾ ಮೂಡಿ. ಖರ್ಚಿನ ಒಂದು ಪಾಲನ್ನು ಕಿಕ್‌ಸ್ಟಾರ್ಟರ್ ಜಾಲತಾಣದ ಮೂಲಕ ಸಾರ್ವಜನಿಕರಿಂದ ಎತ್ತಲಾಯಿತು. ಮುಂದೆ ಈ ನಾಟಕ ಬಿಬಿಸಿ ಧಾರಾವಾಹಿಯಾಗಿ 2019ರಲ್ಲಿ ಆರು ಎಮ್ಮಿ ಪ್ರಶಸ್ತಿ ಗೆದ್ದದ್ದು ಎಲ್ಲರಿಗೂ ಗೊತ್ತು. ಆ ಗೆಲುವಿನ ಕಥೆಯನ್ನು ನಾನು ಆದಷ್ಟು ಬೇಗ ದಾಟಿಬಿಡುತ್ತೇನೆ. ನನಗೆ ಬೇಕಾದದ್ದು ಅದಕ್ಕೂ ಮುಂಚಿನ ಹಂತ. ಯಾರಿಗೂ ಗೊತ್ತಿಲ್ಲದ ಹೆಸರಿನ, ಮುಜುಗರ ಹುಟ್ಟಿಸುವ ವಸ್ತುವಿನ, ಒಬ್ಬಳೇ ನಟಿಯ ನಾಟಕಕ್ಕೆ ಮುಂಗಡವಾಗಿ ದುಡ್ಡು ಹೊಂದಿಸಿದ ಆ ಕೆಲವು ತಿಂಗಳು.

ಉತ್ಸವ ಎಂದರೆ ಯಾರ ಉತ್ಸವ?

ಮೊದಲಿಗೆ ಆ ಉತ್ಸವದ ಸ್ವಭಾವ ತಿಳಿಯಬೇಕು. ನಮ್ಮ ಕಡೆ ಉತ್ಸವ ಎಂದರೆ ಆಯ್ಕೆ ಸಮಿತಿ ಇರುತ್ತದೆ, ಆಹ್ವಾನ ಪತ್ರ ಬರುತ್ತದೆ, ಹೋಗಿ ಬರುವ ಖರ್ಚು, ಊಟ, ವಸತಿ, ಸ್ವಲ್ಪ ಸಂಭಾವನೆಯನ್ನು ಸಂಘಟಕರೇ ಕೊಡುತ್ತಾರೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ನಡೆಸುವ ಭಾರತ ರಂಗ ಮಹೋತ್ಸವವಾಗಲಿ, ಮೈಸೂರು ರಂಗಾಯಣದ ಬಹುರೂಪಿಯಾಗಲಿ, ತ್ರಿಶೂರಿನ ಅಂತರರಾಷ್ಟ್ರೀಯ ರಂಗೋತ್ಸವವಾಗಲಿ ಕರೆಸಿಕೊಳ್ಳುವ ಉತ್ಸವಗಳು. ಎಡಿನ್‌ಬರೊ ಫ್ರಿಂಜ್ ಯಾರನ್ನೂ ಕರೆಯುವುದಿಲ್ಲ, ಯಾರನ್ನೂ ತಡೆಯುವುದೂ ಇಲ್ಲ. ಅದರ ಹುಟ್ಟೇ ಹಾಗೆ. ಮಹಾಯುದ್ಧ ಮುಗಿದ ಮೇಲೆ 1947ರಲ್ಲಿ ಅಲ್ಲಿ ಅಂತರರಾಷ್ಟ್ರೀಯ ಉತ್ಸವ ಆರಂಭವಾದಾಗ ಆಹ್ವಾನವೇ ಇಲ್ಲದ ಎಂಟು ತಂಡಗಳು ಬಂದು, ಸಿಕ್ಕ ಜಾಗದಲ್ಲಿ ನಾಟಕ ಆಡಿದವು. ಫ್ರಿಂಜ್ ಎಂದರೆ ಅಂಚು. ಆ ಅಂಚಿನವರ ಆಟವೇ ಬೆಳೆದು ಮೂಲ ಉತ್ಸವಕ್ಕಿಂತ ದೊಡ್ಡದಾಯಿತು. 2013ರ ಹೊತ್ತಿಗೆ ಒಂದೇ ಆಗಸ್ಟ್ ತಿಂಗಳಲ್ಲಿ 2800ಕ್ಕೂ ಹೆಚ್ಚು ಪ್ರದರ್ಶನಗಳು 270ಕ್ಕೂ ಹೆಚ್ಚು ಜಾಗಗಳಲ್ಲಿ ನಡೆಯುತ್ತಿದ್ದವು. ಚರ್ಚಿನ ಸಭಾಂಗಣ, ಕಾಲೇಜಿನ ತರಗತಿ, ಮದ್ಯದಂಗಡಿಯ ಹಿಂದಿನ ಕೋಣೆ, ಸೇತುವೆಯ ಕೆಳಗಿನ ಕಲ್ಲಿನ ನೆಲಮಾಳಿಗೆ ಎಲ್ಲವೂ ರಂಗಮಂದಿರವೇ.

ಬಾಗಿಲು ಎಲ್ಲರಿಗೂ ತೆರೆದಿದೆ ಎನ್ನುವುದು ಚಂದದ ಮಾತು. ಒಳಗೆ ಕಾಲಿಡುವವನೇ ಎಲ್ಲ ಖರ್ಚನ್ನೂ ಭರಿಸಬೇಕು ಎನ್ನುವುದು ಅದರ ಇನ್ನೊಂದು ಮುಖ. ಮುದ್ರಿತ ಕಾರ್ಯಕ್ರಮ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ನೋಂದಣಿ ಶುಲ್ಕ ಕಟ್ಟಬೇಕು. 2013ರ ಹೊತ್ತಿಗೆ ತಿಂಗಳಿಡೀ ಆಡುವ ತಂಡಕ್ಕೆ ಅದು ಮುನ್ನೂರರಿಂದ ನಾನೂರು ಪೌಂಡ್ ಇತ್ತು. ಆ ದುಡ್ಡಿಗೆ ಸಿಗುವುದು ನಲವತ್ತು ಪದಗಳ ಜಾಗ. ನಾಟಕದ ಹೆಸರೂ ಆ ನಲವತ್ತರೊಳಗೇ ಬರಬೇಕು. ಇಡೀ ನಾಟಕವನ್ನು ನಲವತ್ತು ಪದಗಳಲ್ಲಿ ಹೇಳಿ ಪರಸ್ಥಳದ ಪ್ರೇಕ್ಷಕನನ್ನು ಕರೆತರುವ ಆ ಕಸರತ್ತನ್ನು ನಮ್ಮ ಕರಪತ್ರ ಬರೆಯುವವರೆಲ್ಲ ಒಮ್ಮೆ ಮಾಡಿ ನೋಡಬೇಕು.

ನಮಗೆ ಇದು ಅಪರಿಚಿತ ಪದ್ಧತಿಯೇನೂ ಅಲ್ಲ. ತುಮಕೂರು, ಮಂಡ್ಯ, ಬೆಂಗಳೂರು ಗ್ರಾಮಾಂತರದ ಕಡೆ ‘ಕುರುಕ್ಷೇತ್ರ’ ಆಡುವವರು ಪಾತ್ರಕ್ಕೆ ತಾವೇ ದುಡ್ಡು ಹಾಕುತ್ತಾರೆ. ಕೃಷ್ಣನಾಗುವವನು ಇಷ್ಟು, ದುರ್ಯೋಧನನಾಗುವವನು ಇಷ್ಟು, ಸಣ್ಣ ಪಾತ್ರಗಳಿಗೆ ಅದಕ್ಕಿಂತ ಕಡಿಮೆ. ಆ ಹಣದಲ್ಲಿ ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಕಿರೀಟ ಭುಜಕೀರ್ತಿ, ಹೊರಗಿನಿಂದ ಬರುವ ನಟಿಯರ ಸಂಭಾವನೆ ಎಲ್ಲ ಸಾಗಬೇಕು. ಗದೆ ಹಿಡಿದು ಕಂದ ಪದ್ಯ ಹಾಡಲು ವರ್ಷದ ಉಳಿತಾಯ ಸುರಿಯುವ ರೈತನನ್ನು ನಗರದ ರಂಗಕರ್ಮಿಗಳು ಹವ್ಯಾಸ ಎಂದು ಬದಿಗೆ ಸರಿಸುತ್ತಾರೆ. ಆದರೆ ಜಗತ್ತಿನ ಅತಿ ದೊಡ್ಡ ಕಲಾ ಉತ್ಸವದ ಅಡಿಪಾಯವೂ ಇದೇ: ಆಡುವವನೇ ಆಟಕ್ಕೆ ಬಂಡವಾಳ ಹಾಕುತ್ತಾನೆ. ವ್ಯತ್ಯಾಸ ಒಂದೇ. ‘ಕುರುಕ್ಷೇತ್ರ’ದವನು ಹಾಕಿದ ದುಡ್ಡು ಹೋಯಿತೆಂದೇ ತಿಳಿದು ಆಡುತ್ತಾನೆ, ಎಡಿನ್‌ಬರೊಗೆ ಹೋಗುವವನು ಅದು ಹೇಗಾದರೂ ಮರಳಿ ಬರಲಿ ಎಂದು ಕಾಯುತ್ತಾನೆ.

ಕೋಣೆಯ ಲೆಕ್ಕ

ಮರಳಿ ಬರುವ ಸಾಧ್ಯತೆ ಎಷ್ಟು? ಇಲ್ಲಿ ಒಂದು ಮಾದರಿ ಲೆಕ್ಕ ಹಾಕೋಣ. ‘ಫ್ಲೀಬ್ಯಾಗ್’ ಆಡಿದ್ದು ಅಂಡರ್‌ಬೆಲಿ ಸಂಸ್ಥೆ ಕೌಗೇಟ್ ಬೀದಿಯಲ್ಲಿ ನಡೆಸುವ ನೆಲಮಾಳಿಗೆಯ ಕೋಣೆಯಲ್ಲಿ, ಸುಮಾರು ಅರವತ್ತು ಪ್ರೇಕ್ಷಕರ ಮುಂದೆ. ಮುಂದಿನ ಅಂಕಿಗಳು ಆ ತಂಡದ ಖಾತೆ ಪುಸ್ತಕದವಲ್ಲ. ಅಂಥ ಅಳತೆಯ ಕೋಣೆಗೆ ಹೋಗುವ ಯಾವುದೇ ತಂಡ ಹೊರಡುವ ಮುನ್ನ ಹಾಕಿಕೊಳ್ಳಬೇಕಾದ ಲೆಕ್ಕ ಇದು.

ಅರವತ್ತು ಆಸನ, ಇಪ್ಪತ್ತನಾಲ್ಕು ಪ್ರದರ್ಶನ, ತಲಾ 10 ಪೌಂಡ್ ಟಿಕೆಟ್ ಎಂದಿಟ್ಟುಕೊಳ್ಳಿ. ಒಂದು ದಿನವೂ ಒಂದು ಕುರ್ಚಿಯೂ ಖಾಲಿ ಉಳಿಯದಿದ್ದರೆ ಒಟ್ಟು ಗಳಿಕೆ 14,400 ಪೌಂಡ್. ಆಗಿನ ವಿನಿಮಯ ದರ ಪೌಂಡಿಗೆ ನೂರು ರೂಪಾಯಿಯ ಆಸುಪಾಸು, ಅಂದರೆ ಹದಿನಾಲ್ಕು ಲಕ್ಷ ರೂಪಾಯಿ ದಾಟುತ್ತದೆ. ಕೇಳಲು ಹಿತವಾಗಿದೆ. ಜಾಗ ಕೊಡುವವರ ಜೊತೆಗಿನ ಕರಾರನ್ನು ಈಗ ನೋಡಿ. ಗಳಿಕೆಯಲ್ಲಿ ಶೇ 60 ತಂಡಕ್ಕೆ, ಶೇ 40 ಜಾಗದವರಿಗೆ ಎಂಬುದು ಫ್ರಿಂಜ್‌ನಲ್ಲಿ ಬಹಳ ಬಳಕೆಯಲ್ಲಿರುವ ಹಂಚಿಕೆ. ಅದರ ಜೊತೆಗೆ ಖಾತರಿ ಮೊತ್ತ ಎಂಬ ಷರತ್ತು ಇರುತ್ತದೆ. ಜನ ಬರಲಿ ಬಿಡಲಿ, ಕನಿಷ್ಠ ಇಷ್ಟು ಹಣವನ್ನು ಜಾಗದವರಿಗೆ ಕೊಟ್ಟೇ ಕೊಡುತ್ತೇವೆ ಎಂದು ತಂಡ ಒಪ್ಪಿಕೊಳ್ಳಬೇಕು. ಸಭಾಂಗಣ ಶೇ 40ರಷ್ಟು ತುಂಬಿದರೆ ಜಾಗದವರಿಗೆ ಎಷ್ಟು ಸಲ್ಲುತ್ತಿತ್ತೋ ಅಷ್ಟನ್ನು ಖಾತರಿಯಾಗಿ ಇಟ್ಟರೆ ನಮ್ಮ ಲೆಕ್ಕದಲ್ಲಿ ಅದು 2,304 ಪೌಂಡ್.

ಅರ್ಧ ಸಭಾಂಗಣ ತುಂಬಿದರೆ ಗಳಿಕೆ 7,200. ತಂಡದ ಪಾಲು 4,320. ಕಾಲು ಭಾಗ ಮಾತ್ರ ತುಂಬಿತು ಎನ್ನಿ, ಗಳಿಕೆ 3,600. ಹಂಚಿಕೆಯ ಪ್ರಕಾರ ತಂಡಕ್ಕೆ 2,160 ಬರಬೇಕಿತ್ತು. ಆ 3,600ರಲ್ಲಿ ಖಾತರಿ ಮೊತ್ತ ಕಳೆದ ಮೇಲೆ ಕೈಗೆ ಉಳಿಯುವುದು 1,296. ಇದರಲ್ಲೇ ಟಿಕೆಟ್ ಮಾರಾಟದ ಕಮಿಷನ್, ತೆರಿಗೆ, ವಿಮೆ, ಭಿತ್ತಿಪತ್ರ, ಕರಪತ್ರ, ಬೆಳಕು ಮತ್ತು ಧ್ವನಿಯ ನಿರ್ವಾಹಕರ ಸಂಬಳ, ರೈಲು ಖರ್ಚು ತೂಗಿಸಬೇಕು. ಎಲ್ಲಕ್ಕಿಂತ ಭಾರವಾದದ್ದು ಮನೆ ಬಾಡಿಗೆ. ಉತ್ಸವದ ತಿಂಗಳು ಎಡಿನ್‌ಬರೊದಲ್ಲಿ ಬಾಡಿಗೆ ಗಗನಕ್ಕೇರುತ್ತದೆ. ಮನೆ ಮಾಲೀಕರು ತಮ್ಮ ಮನೆಯನ್ನೇ ಕಲಾವಿದರಿಗೆ ಕೊಟ್ಟು ಊರು ಬಿಟ್ಟು ಹೋಗುವಷ್ಟು.

ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಈ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಸಭಾಂಗಣ ಖಾಲಿಯಾದಷ್ಟೂ ತಂಡದ ಪಾಲು ಕುಸಿಯುತ್ತದೆ, ಜಾಗದವರ ಪಾಲು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ನಮ್ಮಲ್ಲಿ ಸಭಾಂಗಣದ ಬಾಡಿಗೆಯೂ ಹೀಗೇ, ಜನ ಬಂದರೂ ಬಾರದಿದ್ದರೂ ಕಟ್ಟಬೇಕು. ಆದರೆ ನಾವು ಕಟ್ಟುವುದು ಒಂದು ದಿನದ ಬಾಡಿಗೆ. ಅಲ್ಲಿ ಅದು ಇಡೀ ತಿಂಗಳ ಹೊರೆ. ಹಾಗಾಗಿ ಎಡಿನ್‌ಬರೊಗೆ ಹೋಗುವ ತಂಡ ಮುಂಗಡವಾಗಿ ಹಣ ಎತ್ತುವಾಗ ನಾಟಕ ನಿರ್ಮಾಣಕ್ಕೆಂದು ಕೇಳುತ್ತಿದ್ದರೂ, ಆ ಹಣ ನಿಜವಾಗಿ ಹೋಗುವುದು ಖಾತರಿ ಮೊತ್ತಕ್ಕೆ ಮತ್ತು ತಲೆಯ ಮೇಲಿನ ಸೂರಿಗೆ.

ರೂಪವೇ ಆಯವ್ಯಯ

‘ಫ್ಲೀಬ್ಯಾಗ್’ನ ಮೊದಲ ಮೊಳಕೆ 2012ರಲ್ಲಿ ಮೂಡಿದ್ದು ಹತ್ತು ನಿಮಿಷದ ಒಂದು ತುಣುಕಾಗಿ. ಗೆಳತಿ ಡೆಬೊರಾ ಫ್ರಾನ್ಸಿಸ್-ವೈಟ್ ಲಂಡನ್ನಿನಲ್ಲಿ ನಡೆಸಿದ ಕಥೆ ಹೇಳುವ ಕಾರ್ಯಕ್ರಮವೊಂದಕ್ಕೆ ವಾಲರ್-ಬ್ರಿಜ್ ಅದನ್ನು ಬರೆದರು. ಜನರ ಮುಂದೆ ಬರಿಗೈಯಲ್ಲಿ ನಿಂತು ಹೇಳಬೇಕಾದ ಪ್ರಸಂಗ ಅದು. ಆ ಬಡತನ ಪೂರ್ಣ ನಾಟಕದಲ್ಲೂ ಉಳಿಯಿತು, ಉದ್ದೇಶಪೂರ್ವಕವಾಗಿಯೇ ಉಳಿಯಿತು. ರಂಗದ ಮೇಲೆ ಒಂದು ಎತ್ತರದ ಕುರ್ಚಿ. ಅದರ ಮೇಲೆ ಕೆಂಪು ಸ್ವೆಟರ್ ತೊಟ್ಟ ಒಬ್ಬ ಹೆಣ್ಣು. ಉಳಿದ ಕೆಲವು ಪಾತ್ರಗಳು ಧ್ವನಿಮುದ್ರಿತ ಮಾತಾಗಿ ಬರುತ್ತವೆ, ಇನ್ನು ಕೆಲವನ್ನು ಆಕೆಯೇ ಮುಖ ತಿರುಗಿಸಿ, ದನಿ ಬದಲಿಸಿ ಆಡಿಬಿಡುತ್ತಾಳೆ. ಸಂಗೀತ ಮತ್ತು ಧ್ವನಿ ಅಕ್ಕ ಇಸೊಬೆಲ್ ವಾಲರ್-ಬ್ರಿಜ್ ಅವರದು. ಅವಧಿ ಒಂದು ಗಂಟೆಗೆ ತುಸು ಹೆಚ್ಚು.

ಇದರ ಪ್ರಯೋಗಶೀಲತೆ ಇರುವುದು ಎಲ್ಲಿ? ಕೆಲಸದ ಸಂದರ್ಶನದಿಂದ ಆರಂಭವಾಗುವ ನಾಟಕದಲ್ಲಿ ಆಕೆ ಪ್ರೇಕ್ಷಕರನ್ನು ತನ್ನ ಪಾಲುದಾರರನ್ನಾಗಿ ಮಾಡಿಕೊಳ್ಳುತ್ತಾಳೆ, ನಗಿಸುತ್ತಾಳೆ. ನಕ್ಕವರು ತಾವು ಯಾವುದಕ್ಕೆ ನಕ್ಕೆವು ಎಂದು ಕೊನೆಗೆ ನಾಚುವಂತೆ ಮಾಡುತ್ತಾಳೆ. ಸತ್ತ ಗೆಳತಿಯ ನೆನಪು, ದುಡ್ಡಿಲ್ಲದೆ ಇಂದೋ ನಾಳೆಯೋ ಮುಚ್ಚಲಿರುವ ಕೆಫೆ, ಮುಚ್ಚಿಟ್ಟ ಅಪರಾಧ ಎಲ್ಲವೂ ಆ ಕುರ್ಚಿಯ ಮೇಲೆ ಕುಳಿತೇ ತೆರೆದುಕೊಳ್ಳುತ್ತವೆ. ಪ್ರೇಕ್ಷಕರ ಕಣ್ಣಿಗೆ ಕಣ್ಣಿಟ್ಟು ನೋಡುವುದೇ ಇಲ್ಲಿ ರಂಗಸಜ್ಜಿಕೆ. ಅದಕ್ಕೆ ಸಣ್ಣ ಕೋಣೆಯೇ ಬೇಕು. ದೊಡ್ಡ ಸಭಾಂಗಣ ಕೈಗೆಟುಕಲಿಲ್ಲ ಎಂದು ಸಣ್ಣದಕ್ಕೆ ಒಗ್ಗಿಸಿಕೊಂಡ ನಾಟಕ ಇದಲ್ಲ.

ಫ್ರಿಂಜ್‌ನಲ್ಲಿ ಒಂದೇ ಕೋಣೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಹಲವು ತಂಡಗಳು ಸರದಿಯಲ್ಲಿ ಆಡುತ್ತವೆ. ಒಂದು ತಂಡ ಇಳಿದು ಇನ್ನೊಂದು ಏರಲು ಸಿಗುವುದು ಹತ್ತು ಹದಿನೈದು ನಿಮಿಷ. ಆ ಅವಧಿಯಲ್ಲಿ ಪ್ರೇಕ್ಷಕರು ಹೊರಗೆ ಹೋಗಬೇಕು, ರಂಗ ಖಾಲಿಯಾಗಬೇಕು, ಮುಂದಿನವರ ಪರಿಕರ ಒಳಗೆ ಬರಬೇಕು, ದೀಪಗಳು ಅವರ ವಿನ್ಯಾಸಕ್ಕೆ ತಿರುಗಬೇಕು. ಮೂರು ಮಂಚ, ಒಂದು ಬಾವಿಕಟ್ಟೆ, ಬಿದಿರಿನ ಅಟ್ಟಣಿಗೆ ಬೇಡುವ ನಾಟಕ ಇಲ್ಲಿ ಬದುಕಲಾರದು. ಪರಿಕರ ಇಡಲು ಗೋದಾಮು, ಸಾಗಿಸಲು ವ್ಯಾನು, ಕಟ್ಟಿ ಬಿಚ್ಚಲು ಇಬ್ಬರು ಹುಡುಗರು, ಆ ಇಬ್ಬರಿಗೆ ಮಲಗಲು ಜಾಗ ಎಂದು ಖರ್ಚು ಒಂದರ ಹಿಂದೆ ಒಂದು ಬೆಳೆಯುತ್ತದೆ. ಒಬ್ಬ ನಟ ಹೆಚ್ಚಾದರೆ ಒಂದು ಹಾಸಿಗೆ, ಒಂದು ರೈಲು ಟಿಕೆಟ್, ತಿಂಗಳ ಊಟ ಹೆಚ್ಚಾಯಿತು. ಒಂದು ಕುರ್ಚಿಯ ನಾಟಕ ಬರೆದ ದಿನವೇ ವಾಲರ್-ಬ್ರಿಜ್ ತಂಡದ ಅರ್ಧ ಹಣ ಉಳಿಸಿಕೊಟ್ಟಿದ್ದರು. ಸಾರ್ವಜನಿಕರ ಮುಂದೆ ಕೈಚಾಚುವಾಗ ಕೇಳಬೇಕಾಗಿ ಬಂದ ಮೊತ್ತ ಕೆಲವೇ ಸಾವಿರ ಪೌಂಡ್‌ಗಳ ಲೆಕ್ಕದಲ್ಲಿ ನಿಂತದ್ದು ಇದರಿಂದ. ಪ್ರಯೋಗಶೀಲ ನಾಟಕಕ್ಕೆ ದುಡ್ಡು ಹುಟ್ಟುವುದಿಲ್ಲ ಎನ್ನುವವರು ಈ ಅಂಶವನ್ನು ಗಮನಿಸಬೇಕು. ಪ್ರಯೋಗ ನಡೆದದ್ದು ರೂಪದಲ್ಲಿ, ಆ ರೂಪವೇ ಖರ್ಚನ್ನು ಹಿಡಿತದಲ್ಲಿಟ್ಟಿತು.

ಕೇಳಿದ ರೀತಿ

ಕಿಕ್‌ಸ್ಟಾರ್ಟರ್ ಅಮೆರಿಕದ ತಾಣ. ಬ್ರಿಟನ್ನಿನ ಯೋಜನೆಗಳಿಗೆ ಅದು ಬಾಗಿಲು ತೆರೆದದ್ದು 2012ರ ಅಕ್ಟೋಬರ್ ಕೊನೆಯಲ್ಲಿ. ಅಂದರೆ ‘ಫ್ಲೀಬ್ಯಾಗ್’ ತಂಡ ಅದನ್ನು ಬಳಸುವಾಗ ಅಲ್ಲಿನ ರಂಗಭೂಮಿಗೂ ಈ ದಾರಿ ಹೊಸತೇ. ಅದರ ನಿಯಮ ಕಠಿಣ. ತಂಡ ಮೊದಲೇ ಒಂದು ಗುರಿ ಮೊತ್ತವನ್ನೂ ಗಡುವನ್ನೂ ಘೋಷಿಸಬೇಕು. ಗಡುವಿನೊಳಗೆ ಗುರಿ ಮುಟ್ಟಿದರೆ ಮಾತ್ರ ಕೊಡುಗೆದಾರರ ಖಾತೆಯಿಂದ ಹಣ ಕಡಿತವಾಗುತ್ತದೆ. ಒಂದು ಪೌಂಡ್ ಕಡಿಮೆ ಬಿದ್ದರೂ ಪೂರ್ತಿ ಕೈತಪ್ಪುತ್ತದೆ. ಗುರಿ ಮುಟ್ಟಿದವರಿಂದ ತಾಣ ಶೇ 5 ಇಟ್ಟುಕೊಳ್ಳುತ್ತದೆ, ಪಾವತಿ ಸಂಸ್ಕರಣೆಗೆ ಇನ್ನೂ ಶೇ 3ರಿಂದ 5 ಹೋಗುತ್ತದೆ. ಕೊಟ್ಟವರಿಗೆ ನಾಟಕದಲ್ಲಿ ಪಾಲು ಇಲ್ಲ, ಬಡ್ಡಿ ಇಲ್ಲ. ಕೃತಜ್ಞತೆಯ ಪಟ್ಟಿಯಲ್ಲಿ ಹೆಸರು, ಟಿಕೆಟ್, ತಾಲೀಮು ನೋಡುವ ಅವಕಾಶ ಮುಂತಾದ ಸಣ್ಣ ಪ್ರತಿಫಲಗಳನ್ನು ತಂಡಗಳು ಕೊಡುವುದು ವಾಡಿಕೆ.

ಈ ಕಠಿಣ ನಿಯಮದಲ್ಲಿ ಒಂದು ನ್ಯಾಯವಿದೆ ಎಂದು ನಾನು ನಂಬುತ್ತೇನೆ. ಅರ್ಧ ದುಡ್ಡು ಸಿಕ್ಕ ತಂಡದಷ್ಟು ಸಂಕಟದ ಸ್ಥಿತಿ ಬೇರೊಂದಿಲ್ಲ. ಆಗ ಹೋಗುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಕೊಟ್ಟವರಿಗೆ ಮುಖ ತೋರಿಸಬೇಕೆಂಬ ಹಂಗಿಗೆ ಬಿದ್ದು ಸಾಲ ಮಾಡಿ ಹೊರಡುತ್ತಾರೆ, ಬಂದ ಮೇಲೆ ತಂಡವೇ ಒಡೆಯುತ್ತದೆ. ಇಷ್ಟಿಲ್ಲದೆ ನಾವು ಹೊರಡುವುದಿಲ್ಲ ಎಂದು ಮೊದಲೇ ಬಹಿರಂಗವಾಗಿ ಹೇಳುವ ಶಿಸ್ತು ತಂಡವನ್ನೂ ಕಾಯುತ್ತದೆ, ದಾನಿಯನ್ನೂ ಕಾಯುತ್ತದೆ.

ಅಂತರ್ಜಾಲದಲ್ಲಿ ಅಪರಿಚಿತರು ಸಾಲುಗಟ್ಟಿ ಬಂದು ದುಡ್ಡು ಸುರಿಯುತ್ತಾರೆಂಬ ಕಲ್ಪನೆಯನ್ನು ಮಾತ್ರ ಬಿಡಬೇಕು. ಸಣ್ಣ ನಾಟಕ ತಂಡಗಳ ಮನವಿಗೆ ಮೊದಲು ಓಗೊಡುವವರು ಬಂಧುಗಳು, ಗೆಳೆಯರು, ಜೊತೆಗೆ ಓದಿದವರು, ಹಿಂದಿನ ನಾಟಕ ನೋಡಿದವರು. ಡ್ರೈರೈಟ್ ತಂಡ 2007ರಿಂದ ಲಂಡನ್ನಿನಲ್ಲಿ ಹೊಸ ನಾಟಕಕಾರರ ಕಿರು ಬರವಣಿಗೆಗಳನ್ನು ಆಡಿಸುತ್ತ ಬಂದಿತ್ತು. ನಾಟಕಕಾರರು, ನಟರು, ಖಾಯಂ ಪ್ರೇಕ್ಷಕರ ಬಳಗವೊಂದು ಅದಕ್ಕೆ ಆಗಲೇ ಇತ್ತು. ವಾಲರ್-ಬ್ರಿಜ್ ರಾಡಾ ನಾಟಕ ಶಾಲೆಯಲ್ಲಿ ಕಲಿತವರು, ಲಂಡನ್ನಿನ ವೃತ್ತಿರಂಗಭೂಮಿಯ ಕೇಂದ್ರವಾದ ವೆಸ್ಟ್ ಎಂಡ್‌ನ ರಂಗದ ಮೇಲೂ ಅಭಿನಯಿಸಿದ್ದವರು. ಬರಿಗೈಯವರು ಎನ್ನಲಾಗದು, ಹೆಸರಾಂತವರೂ ಆಗಿರಲಿಲ್ಲ. ಮನವಿಯ ಪುಟ ಹಣವನ್ನು ಸೃಷ್ಟಿಸಲಿಲ್ಲ. ಆರು ವರ್ಷ ಬೆಳೆಸಿಕೊಂಡ ಬಳಗಕ್ಕೆ ಕೊಡಲು ಒಂದು ದಾರಿ, ಒಂದು ದಿನಾಂಕ, ಒಂದು ಕಾರಣ ಒದಗಿಸಿತು. ಯಾವ ಬಳಗವೂ ಇಲ್ಲದ ತಂಡ ಅಂಥದ್ದೇ ಪುಟ ತೆರೆದರೆ ಅದು ಖಾಲಿ ಉಳಿಯುತ್ತದೆ.

ಮುಂಗಡ ಕೊಟ್ಟವನು ಪ್ರೇಕ್ಷಕನೂ ಆಗುತ್ತಾನೆ ಎಂಬುದು ಇನ್ನೂ ಮುಖ್ಯ. ಐದು ಪೌಂಡ್ ಹಾಕಿದವನು ನಾಟಕ ನೋಡಲು ಬರುತ್ತಾನೆ, ಇಬ್ಬರನ್ನು ಕರೆತರುತ್ತಾನೆ, ಚೆನ್ನಾಗಿದ್ದರೆ ಊರೆಲ್ಲ ಹೇಳುತ್ತಾನೆ. ಕರಾವಳಿಯ ಯಕ್ಷಗಾನ ಮೇಳಗಳ ಹರಕೆ ಆಟದಲ್ಲಿ ನಮ್ಮವರು ಇದನ್ನು ಎಂದೋ ಸಾಧಿಸಿದ್ದಾರೆ. ಕಟೀಲು ಮೇಳಕ್ಕೆ ಆಟ ಆಡಿಸುವವರು ವರ್ಷಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯುತ್ತಾರೆ. ಆಟ ಆಡಿಸುವವನೇ ಊರನ್ನು ಕರೆಯುತ್ತಾನೆ, ಊಟ ಹಾಕುತ್ತಾನೆ, ವೇಷ ಕಟ್ಟುವ ಚೌಕಿಯಿಂದ ರಂಗಸ್ಥಳದವರೆಗೆ ತನ್ನದೇ ಮನೆಯ ಕಾರ್ಯವೆಂಬಂತೆ ಓಡಾಡುತ್ತಾನೆ. ದೇವಿಯ ಮೇಲಿನ ಭಕ್ತಿ ಅಲ್ಲಿ ದುಡಿಯುತ್ತದೆ, ನಿಜ. ಆಧುನಿಕ ನಾಟಕಕ್ಕೆ ಆ ಬಲವಿಲ್ಲ. ಆದರೆ ದುಡ್ಡು ಕೊಟ್ಟವನನ್ನು ಆಟದ ಒಳಕ್ಕೆ ಬಿಟ್ಟುಕೊಳ್ಳುವ ಉದಾರತೆಯನ್ನು ಅಲ್ಲಿಂದ ಕಲಿಯಬಹುದು. ಒಂದು ರಸೀದಿ ಕೊಟ್ಟು ಮರೆತುಬಿಡುವ ನಮ್ಮ ನಗರದ ಪದ್ಧತಿಗಿಂತ ಅದು ಎಷ್ಟೋ ಮೇಲು.

ಆಗಸ್ಟ್ ಮತ್ತು ಆಮೇಲೆ

ನಾಟಕ ಗೆದ್ದಿತು. ‘ದಿ ಸ್ಕಾಟ್ಸ್‌ಮನ್’ ಪತ್ರಿಕೆ 1973ರಿಂದ ಹೊಸ ನಾಟಕಗಳಿಗೆ ಕೊಡುತ್ತ ಬಂದಿರುವ ಫ್ರಿಂಜ್ ಫಸ್ಟ್ ಪ್ರಶಸ್ತಿ ಅದಕ್ಕೆ ಬಂತು. ಅದೇ ವರ್ಷ ಲಂಡನ್ನಿನ ಸೋಹೊ ಥಿಯೇಟರ್‌ಗೆ ಹೋಯಿತು. 2016ರಲ್ಲಿ ಬಿಬಿಸಿಯಲ್ಲಿ ಧಾರಾವಾಹಿ. ಸಾವಿರಾರು ಪ್ರದರ್ಶನಗಳ ನಡುವೆ ಒಂದು ನಾಟಕ ಹೀಗೆ ಎದ್ದುಬರುತ್ತದೆ, ಉಳಿದವು ಸಾಲದ ಹೊರೆಯೊಂದಿಗೆ ಮನೆಗೆ ಮರಳುತ್ತವೆ. ಗೆದ್ದ ಒಂದನ್ನು ತೋರಿಸಿ ಈ ಪದ್ಧತಿ ಸರಿಯಾಗಿದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ತಿಂಗಳಿಡೀ ಸಂಬಳವಿಲ್ಲದೆ ಇರಬಲ್ಲವರು, ಬಾಡಿಗೆಯ ಮುಂಗಡ ಹೊಂದಿಸಬಲ್ಲವರು, ನಷ್ಟವಾದರೆ ಮರಳಿ ಹೋಗಲು ತವರುಮನೆ ಇರುವವರು ಮಾತ್ರ ಆ ತೆರೆದ ಬಾಗಿಲನ್ನು ದಾಟಬಲ್ಲರು. ಕೂಲಿ ಮಾಡಿ ಬದುಕುವ ಮನೆಯ ಪ್ರತಿಭೆ ಹೊಸ್ತಿಲಾಚೆಯೇ ಉಳಿಯುತ್ತದೆ.

ಇದು ಗೆದ್ದವರಿಗೂ ಗೊತ್ತಿತ್ತು ಎಂಬುದಕ್ಕೆ ಅವರು ಮುಂದೆ ಮಾಡಿದ ಕೆಲಸವೇ ಸಾಕ್ಷಿ. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಬ್ರಿಟನ್ನಿನ ರಂಗಮಂದಿರಗಳು ಮುಚ್ಚಿದ್ದಾಗ ‘ಫ್ಲೀಬ್ಯಾಗ್’ ರಂಗಪ್ರಯೋಗದ ಚಿತ್ರೀಕರಣವನ್ನು ದೇಣಿಗೆ ಕೊಟ್ಟು ನೋಡುವಂತೆ ಬಿಡುಗಡೆ ಮಾಡಿದರು. ಬಂದ ಹಣ ಆರೋಗ್ಯ ಸೇವೆಯ ನಿಧಿಗಳಿಗೂ ಕೆಲಸ ಕಳೆದುಕೊಂಡ ರಂಗಕರ್ಮಿಗಳಿಗೂ ಹೋಯಿತು. 2021ರಲ್ಲಿ ವಾಲರ್-ಬ್ರಿಜ್ ಈ ಉತ್ಸವವನ್ನು ನೋಡಿಕೊಳ್ಳುವ ಸಂಸ್ಥೆಯಾದ ಫ್ರಿಂಜ್ ಸೊಸೈಟಿಯ ಮೊದಲ ಅಧ್ಯಕ್ಷೆಯಾದರು. 2023ರ ಉತ್ಸವಕ್ಕೆ ‘ಕೀಪ್ ಇಟ್ ಫ್ರಿಂಜ್’ ಎಂಬ ನಿಧಿಯಿಂದ ಐವತ್ತು ಕಲಾವಿದರಿಗೆ ತಲಾ 2,000 ಪೌಂಡ್ ನೇರವಾಗಿ ಕೊಡಲಾಯಿತು, ಒಟ್ಟು ಒಂದು ಲಕ್ಷ ಪೌಂಡ್. ನಮ್ಮ ಮಾದರಿ ಲೆಕ್ಕದ ಖಾತರಿ ಮೊತ್ತ 2,304 ಎಂಬುದನ್ನು ನೆನಪಿಸಿಕೊಳ್ಳಿ. ಒಂದು ಸಣ್ಣ ತಂಡದ ಎದೆಯ ಮೇಲಿನ ಕಲ್ಲು ಎಷ್ಟು ಭಾರದ್ದು ಎಂಬುದನ್ನು ಅಳೆದು ಇಟ್ಟ ಮೊತ್ತದಂತಿದೆ ಅದು. ದೊಡ್ಡ ಅನುದಾನ ಒಬ್ಬರಿಗೆ ಕೊಡುವ ಬದಲು ಸಣ್ಣ ಮೊತ್ತ ಐವತ್ತು ಮಂದಿಗೆ ಕೊಡುವ ಈ ಕ್ರಮವನ್ನು ನಮ್ಮ ಅಕಾಡೆಮಿಗಳು ಗಂಭೀರವಾಗಿ ಯೋಚಿಸಬೇಕು. ತಂಡವೊಂದರ ಪ್ರಯಾಣ ಮತ್ತು ವಸತಿಗೆಂದೇ, ತ್ವರಿತವಾಗಿ, ಉತ್ಸವಕ್ಕೆ ಮೊದಲೇ ಕೈಗೆ ಸೇರುವ ಹಣ ನಮಗೆ ಬೇಕು. ವರ್ಷದ ಬಳಿಕ ಬರುವ ಮಂಜೂರಾತಿ ಪತ್ರದಿಂದ ರೈಲು ಟಿಕೆಟ್ ಕೊಳ್ಳಲಾಗುವುದಿಲ್ಲ.

ಅದೇ 2013ರ ಆಗಸ್ಟ್‌ನಲ್ಲಿ, ಅದೇ ಊರಿನಲ್ಲಿ, ನಮ್ಮ ದೇಶದ ಎದೆ ಸೀಳಿದ ಘಟನೆಯೊಂದರ ಮೇಲಿನ ನಾಟಕವೂ ಆಡಿತು. ದಕ್ಷಿಣ ಆಫ್ರಿಕದ ಯಾಯೆಲ್ ಫಾರ್ಬರ್ ರಚಿಸಿ ನಿರ್ದೇಶಿಸಿದ, ಪೂರ್ಣಾ ಜಗನ್ನಾಥನ್ ಮುಂದೆ ನಿಂತು ಆಗಮಾಡಿದ ‘ನಿರ್ಭಯಾ’. 2012ರ ಡಿಸೆಂಬರ್ 16ರ ದೆಹಲಿಯ ಪ್ರಕರಣದ ಸುತ್ತ ನಟಿಯರು ತಮ್ಮದೇ ಬದುಕಿನ ಗಾಯಗಳನ್ನು ರಂಗದ ಮೇಲೆ ಹೇಳುವ ನಾಟಕ ಅದು. ಎಡಿನ್‌ಬರೊದಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿಯ ಪ್ರಶಸ್ತಿ ಗೆದ್ದ ಅದನ್ನು ಮರುವರ್ಷ ಭಾರತಕ್ಕೆ ತರಲು ಹಣ ಎತ್ತಿದ್ದೂ ಕಿಕ್‌ಸ್ಟಾರ್ಟರ್ ಮೂಲಕವೇ. ಒಂದೇ ಸಾಧನ, ಎರಡು ಬೇರೆ ಬೇರೆ ಬಗೆಯ ಕೋರಿಕೆ. ಒಂದು ಹೊಸ ಲೇಖಕಿಗೆ ಅವಕಾಶ ಕೊಡಿ ಎಂದು ಕೇಳಿತು, ಇನ್ನೊಂದು ಈ ಮಾತು ಅದು ಹುಟ್ಟಿದ ನೆಲದಲ್ಲಿ ಕೇಳಿಸಬೇಕು ಎಂದು ಕೇಳಿತು.

ಇಲ್ಲಿಂದ ಹೊರಡುವವರಿಗೆ

ಕನ್ನಡದ ತಂಡವೊಂದು ಇದೇ ದಾರಿ ಹಿಡಿಯುವುದಾದರೆ ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರಬೇಕು. ಭಾರತದಲ್ಲಿರುವ ತಂಡ ಕಿಕ್‌ಸ್ಟಾರ್ಟರ್‌ನಲ್ಲಿ ನೇರವಾಗಿ ಯೋಜನೆ ತೆರೆಯುವಂತಿಲ್ಲ. ಇಲ್ಲಿನ ಮಿಲಾಪ್, ಕೆಟ್ಟೊ ಮುಂತಾದ ತಾಣಗಳಲ್ಲಿ ವೈದ್ಯಕೀಯ ನೆರವಿನ ಮನವಿಗಳೇ ತುಂಬಿರುತ್ತವೆ. ಮಗುವಿನ ಶಸ್ತ್ರಚಿಕಿತ್ಸೆಯ ಪಕ್ಕದಲ್ಲಿ ನಾಟಕಕ್ಕೆ ಕೈಚಾಚಲು ಮನಸ್ಸು ಅಳುಕುವುದು ಸಹಜ. ನನ್ನ ಅಭಿಪ್ರಾಯದಲ್ಲಿ ತಂಡದ ಬ್ಯಾಂಕ್ ಖಾತೆ, ಒಂದು ಯುಪಿಐ ಸಂಕೇತ, ನೂರಿನ್ನೂರು ಜನರ ವಾಟ್ಸ್‌ಆ್ಯಪ್ ಪಟ್ಟಿ, ಮತ್ತು ಪ್ರತಿ ವಾರ ಎಷ್ಟು ಬಂತು ಎಂದು ತಿಳಿಸುವ ಒಂದು ಹಾಳೆ ಸಾಕು. ಖಾತೆ ತಂಡದ ಹೆಸರಿನಲ್ಲೇ ಇರಲಿ. ಒಬ್ಬರ ಸ್ವಂತ ಖಾತೆಗೆ ಹಣ ಬಂದರೆ ಎಷ್ಟು ಪ್ರಾಮಾಣಿಕರ ಮೇಲೂ ಅನುಮಾನದ ನೆರಳು ಬೀಳುತ್ತದೆ.

ವಿದೇಶದ ಕನ್ನಡಿಗರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಮೆರಿಕದಲ್ಲಿದ್ದೂ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣವನ್ನು ಕಾನೂನು ವಿದೇಶಿ ದೇಣಿಗೆ ಎಂದು ಪರಿಗಣಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆಯಾಗುತ್ತದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಒಂದೇ ಮನೆಯ ಅಣ್ಣ ಕೊಡಬಹುದು, ತಮ್ಮ ಕೊಡಬಾರದು ಎನ್ನುವ ಸ್ಥಿತಿ ಬರುವುದು ಹೀಗೆ. ಊರಿನ ಅಭಿಮಾನದಿಂದ ಕಳಿಸುವವರಿಗೆ ಇದನ್ನು ಮೊದಲೇ ವಿನಯದಿಂದ ತಿಳಿಸುವುದು ಒಳ್ಳೆಯದು.

ದುಡ್ಡು ಕೂಡಿಸಲು ಊರಿನಲ್ಲೇ ಎರಡು ಪ್ರದರ್ಶನ ಇಟ್ಟುಕೊಳ್ಳುವುದು ಹಳೆಯ, ಮಾನದ ದಾರಿ. ನಾಟಕದ ಟಿಕೆಟ್ ದರ 500 ರೂಪಾಯಿಯವರೆಗೆ ಇದ್ದರೆ ಜಿಎಸ್‌ಟಿ ಇಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಗೆ ಅಲೆಯುವವರು ಒಂದು ಮಾತು ನೆನಪಿಡಬೇಕು: ಆ ನಿಧಿಯನ್ನು ಬಳಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಕಲೆ, ಸಂಸ್ಕೃತಿಗೆ ಜಾಗವಿದೆ, ಆದರೆ ಒಂದೇ ದಿನದ ಕಾರ್ಯಕ್ರಮದ ಪ್ರಾಯೋಜಕತ್ವಕ್ಕೆ ಆ ನಿಧಿ ಒದಗುವುದಿಲ್ಲ. ಬೀದಿಯ ಬಟ್ಟೆ ಅಂಗಡಿಯವರು, ಮುದ್ರಣಾಲಯದವರು, ಹೋಟೆಲಿನವರು ಸ್ಮರಣ ಸಂಚಿಕೆಗೆ ಕೊಡುವ ಕಾಲು ಪುಟದ ಜಾಹೀರಾತು ಅದಕ್ಕಿಂತ ಬೇಗ ಕೈಗೆ ಬರುತ್ತದೆ. ರೈಲಿನಲ್ಲಿ ಕಲಾ ತಂಡಗಳಿಗೆ ಸಿಗುತ್ತಿದ್ದ ದೊಡ್ಡ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಹತ್ತು ಹನ್ನೆರಡು ಮಂದಿಯ ತಂಡ ದೆಹಲಿಗೆ ಹೋಗಿಬರುವ ಖರ್ಚನ್ನು ಹಳೆಯ ನೆನಪಿನಿಂದ ಅಂದಾಜು ಮಾಡಿದರೆ ಲೆಕ್ಕ ಬುಡದಲ್ಲೇ ತಪ್ಪುತ್ತದೆ.

ಮನವಿ ಪತ್ರ ಬರೆಯುವಾಗ ರಂಗಭೂಮಿಯ ಉಳಿವು, ಸಂಸ್ಕೃತಿಯ ಸೇವೆ ಎಂದು ಆರಂಭಿಸುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿದೆ. ಆ ಮಾತು ಓದಿ ಯಾರೂ ಜೇಬಿಗೆ ಕೈಹಾಕುವುದಿಲ್ಲ. ಯಾವ ನಾಟಕ, ಯಾವ ಊರು, ಯಾವ ತಾರೀಖು, ಉತ್ಸವದವರು ಏನು ಕೊಡುತ್ತಾರೆ, ನಾವು ಎಷ್ಟು ಹಾಕಿದ್ದೇವೆ, ಎಷ್ಟು ಕಡಿಮೆ ಬಿದ್ದಿದೆ, ಯಾವ ದಿನದೊಳಗೆ ಬೇಕು, ಬಾರದಿದ್ದರೆ ನಿಮ್ಮ ಹಣ ಹೇಗೆ ಮರಳುತ್ತದೆ ಎಂಬುದು ಮೊದಲ ಹತ್ತು ಸಾಲಿನಲ್ಲೇ ಇರಲಿ. ಜೊತೆಗೆ ಖರ್ಚಿನ ಪಟ್ಟಿ ಇರಲಿ. ಅದರಲ್ಲಿ ಬೆಳಕಿನ ಹುಡುಗನ ಸಂಭಾವನೆಯನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ. ದುಡ್ಡು ಕಡಿಮೆ ಬಿದ್ದಾಗ ನಮ್ಮ ತಂಡಗಳು ಮೊದಲು ಕತ್ತರಿಸುವುದು ಅದನ್ನೇ.